ಹಿತ್ತಲ ಬಟಾಣಿ: ಬೀಜದ ಪೊಟ್ಟಣದಿಂದ ಊಟದ ತಟ್ಟೆಯವರೆಗೆ

ಚಳಿಗಾಲ ಕಾಲಿಡುತ್ತಿದ್ದಂತೆ ಮಾರುಕಟ್ಟೆಯಲ್ಲಿ ಹಸಿ ಬಟಾಣಿಯ ರಾಶಿ ಕಾಣತೊಡಗುತ್ತದೆ. ಪಲಾವ್, ಸಾಗು, ಉಪ್ಪಿಟ್ಟು ಎಲ್ಲದಕ್ಕೂ ಅದು ಬೇಕು. ವರ್ಷದ ಉಳಿದ ದಿನಗಳಲ್ಲಿ ಒಣ ಬಟಾಣಿಯನ್ನು ನೆನೆಹಾಕಿ ಕೆಲಸ ನಡೆಸುತ್ತೇವೆ. ಎರಡಕ್ಕೂ ಹೆಸರು ಒಂದೇ ಆದರೂ ಆಹಾರದ ದೃಷ್ಟಿಯಿಂದ ಹಸಿಯದು ತರಕಾರಿ, ಒಣಗಿದ್ದು ಕಾಳು. ಹಿತ್ತಲಿನಲ್ಲಿ ಒಂದು ಪಾತಿಯಷ್ಟು ಜಾಗ ಅಥವಾ ತಾರಸಿಯ ಮೇಲೆ ಐದಾರು ಕುಂಡಗಳಿದ್ದರೆ ಹಸಿ ಬಟಾಣಿಯನ್ನು ಮನೆಯಲ್ಲೇ ಬೆಳೆಯಬಹುದು. ತರಕಾರಿ ಕಂಡರೆ ಮುಖ ತಿರುಗಿಸುವ ಎಷ್ಟೋ ಮಕ್ಕಳು ತಾವೇ ನೀರೆರೆದ ಬಳ್ಳಿಯ ಕಾಯಿಯನ್ನು ಸುಲಿದು ತಿನ್ನುತ್ತಾರೆ. ವೈದ್ಯನಾದ ನಾನು ಈ ಬೆಳೆಯ ಬಗ್ಗೆ ಬರೆಯಲು ಅದೊಂದು ಕಾರಣ. ಬಟಾಣಿ ಬೆಳೆಯುವ ಮನೆಯಲ್ಲಿ ತಂದೆತಾಯಿ ಎಚ್ಚರ ವಹಿಸಬೇಕಾದ ಕೆಲವು ಸಂಗತಿಗಳಿರುವುದು ಇನ್ನೊಂದು ಕಾರಣ.

ನೂರು ಗ್ರಾಂ ಹಸಿ ಬಟಾಣಿ ಕಾಳಿನಲ್ಲಿ ಸುಮಾರು 5ರಿಂದ 7 ಗ್ರಾಂ ಪ್ರೋಟೀನು, ಹೆಚ್ಚುಕಡಿಮೆ ಅಷ್ಟೇ ನಾರು ಇರುತ್ತದೆ. ತರಕಾರಿಗಳಲ್ಲಿ ಇಷ್ಟು ಪ್ರೋಟೀನು ಇರುವುದು ಅಪರೂಪ. ಇದರ ಜೊತೆಗೆ ಸಿ ಜೀವಸತ್ವ ಮತ್ತು ಫೋಲೇಟ್ ದೊರೆಯುತ್ತವೆ. ಗರ್ಭಿಣಿಯರಿಗೆ ಫೋಲೇಟ್ ಎಷ್ಟು ಮುಖ್ಯವೆಂಬುದನ್ನು ಬೇರೆ ಹೇಳಬೇಕಾಗಿಲ್ಲ. ಕಾಯಿಯನ್ನು ಬಳ್ಳಿಯಿಂದ ಬಿಡಿಸಿದ ಗಳಿಗೆಯಿಂದಲೇ ಕಾಳಿನೊಳಗಿನ ಸಕ್ಕರೆ ಪಿಷ್ಟವಾಗಿ ಮಾರ್ಪಡತೊಡಗುತ್ತದೆ. ಸಿ ಜೀವಸತ್ವವೂ ಕಡಿಮೆಯಾಗುತ್ತ ಹೋಗುತ್ತದೆ. ಲಾರಿಯಲ್ಲಿ ಬಂದು, ಬಿಸಿಲಲ್ಲಿ ರಾಶಿ ಬಿದ್ದ ಕಾಯಿ ಸಪ್ಪೆಯಾಗಿ ಹಿಟ್ಟುಹಿಟ್ಟಾಗಿರುವುದು ಇದರಿಂದಲೇ. ಬೆಳಿಗ್ಗೆ ಕಿತ್ತು ಮಧ್ಯಾಹ್ನದ ಅಡುಗೆಗೆ ಬಳಸಿದರೆ ಆಗುವ ವ್ಯತ್ಯಾಸವನ್ನು ನಾಲಿಗೆಯೇ ಹೇಳುತ್ತದೆ.

ಬಟಾಣಿಗೆ ತಂಪು ಹವೆ ಬೇಕು. ಬಯಲುಸೀಮೆಯಲ್ಲಿ ಅಕ್ಟೋಬರ್ ಮಧ್ಯದಿಂದ ನವೆಂಬರ್ ಕೊನೆಯೊಳಗೆ ಬಿತ್ತುವುದು ಸೂಕ್ತ. ಬಿಸಿಲು 30 ಡಿಗ್ರಿ ದಾಟಿತೆಂದರೆ ಹೂವು ಉದುರಿಹೋಗುತ್ತದೆ. ಕರಾವಳಿಯ ಸೆಕೆಯಲ್ಲಿ ಇದನ್ನು ಬೆಳೆಯಲು ಹೆಣಗುವುದಕ್ಕಿಂತ ಅಲಸಂದೆ ಹಾಕಿಕೊಳ್ಳುವುದು ಜಾಣತನ. ಬೇಗ ಕಾಯಿ ಬಿಡುವ ಅರ್ಕೆಲ್ ತಳಿ ಹಾಗೂ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ಅಜಿತ್ ಮನೆತೋಟಕ್ಕೆ ಒಪ್ಪುತ್ತವೆ. ಅರ್ಕಾ ಅಜಿತ್‌ಗೆ ಬೂದಿರೋಗ ಮತ್ತು ತುಕ್ಕುರೋಗ ತಡೆದುಕೊಳ್ಳುವ ಗುಣವಿದೆ.

ಪೊಟ್ಟಣ ಒಡೆದಾಗ ಬೀಜ ಸುಕ್ಕುಸುಕ್ಕಾಗಿ ಕಂಡರೆ ಹಳತೆಂದು ಹಿಂದಿರುಗಿಸಬೇಡಿ. ಸುಲಿದು ತಿನ್ನುವ ಸಿಹಿ ಬಟಾಣಿಯ ಬೀಜ ಒಣಗಿದಾಗ ಸುಕ್ಕಾಗುತ್ತದೆ. ದುಂಡಗೆ ನುಣುಪಾಗಿ ಉಳಿಯುವುದು ಹೆಚ್ಚು ಪಿಷ್ಟವಿರುವ ತಳಿ. ಇದೇ ದುಂಡು ಮತ್ತು ಸುಕ್ಕು ಬೀಜಗಳನ್ನು ಎಣಿಸುತ್ತ ಗ್ರೆಗರ್ ಮೆಂಡೆಲ್ ಎಂಬ ಪಾದ್ರಿ ಮಠದ ತೋಟದಲ್ಲಿ ಅನುವಂಶೀಯತೆಯ ನಿಯಮಗಳನ್ನು ಕಂಡುಕೊಂಡದ್ದು. ಅವರ ಪ್ರಬಂಧ ಅಚ್ಚಾದದ್ದು 1866ರಲ್ಲಿ. ನಾವು ವೈದ್ಯಕೀಯ ಕಾಲೇಜಿನಲ್ಲಿ ಓದುವ ಆನುವಂಶಿಕ ಕಾಯಿಲೆಗಳ ಪಾಠವೂ ಈ ಬಟಾಣಿಯಿಂದಲೇ ಶುರುವಾಗುತ್ತದೆ.

ಬೀಜಕ್ಕೆ ಕೆಂಪು, ಗುಲಾಬಿ ಅಥವಾ ನೀಲಿ ಬಣ್ಣದ ಲೇಪವಿದ್ದರೆ ಜಾಗ್ರತೆ. ಬಿತ್ತನೆ ಬೀಜ ಮಣ್ಣಿನಲ್ಲಿ ಕೊಳೆಯದಿರಲೆಂದು ಥೈರಾಮ್‌ನಂತಹ ಶಿಲೀಂಧ್ರನಾಶಕ ಹಚ್ಚಿರುತ್ತಾರೆ. ಬಿತ್ತಿ ಉಳಿದ ಬೀಜವನ್ನು 'ಹಾಳಾಗುವುದೇಕೆ' ಎಂದು ಸಾರಿಗೆ ಹಾಕುವ ಮಿತವ್ಯಯ ಖಂಡಿತ ಬೇಡ. ತೊಳೆದರೂ ಬೇಯಿಸಿದರೂ ಅದು ಆಹಾರವಲ್ಲ. ಕೋಳಿಗಳಿಗೂ ಹಾಕಬಾರದು. ಪೊಟ್ಟಣವನ್ನು ಔಷಧಿಯಂತೆಯೇ ಮಕ್ಕಳ ಕೈಗೆಟುಕದ ಕಡೆ ಇಡಬೇಕು. ಬಿತ್ತಿದ ಮೇಲೆ ಸೋಪು ಹಚ್ಚಿ ಕೈ ತೊಳೆಯಬೇಕು. ಮಕ್ಕಳಿಂದ ಬಿತ್ತಿಸುವ ಆಸೆಯಿದ್ದರೆ ಲೇಪವಿಲ್ಲದ ಬೀಜವನ್ನೇ ಕೇಳಿ ತನ್ನಿ. ಅಂಥದ್ದನ್ನು ಮಾತ್ರ ರಾತ್ರಿ ನೀರಿನಲ್ಲಿ ನೆನೆಸಿ ಬಿತ್ತಬಹುದು.

ಒಂದು ಇಂಚು ಆಳ, ಬೀಜದಿಂದ ಬೀಜಕ್ಕೆ ಎರಡು ಮೂರು ಇಂಚು ಅಂತರ ಸಾಕು. ವಾರ ಹತ್ತು ದಿನದಲ್ಲಿ ಮೊಳಕೆ ಕಾಣುತ್ತದೆ. ಬಳ್ಳಿ ಗೇಣುದ್ದ ಆಗುವ ಮೊದಲೇ ಒಣ ಕಡ್ಡಿ ಅಥವಾ ದಾರದ ಆಸರೆ ಕೊಡಿ. ಯೂರಿಯಾ ಸುರಿದರೆ ಎಲೆ ಸೊಂಪಾಗಿ ಬಂದು ಕಾಯಿ ಕಡಿಮೆಯಾಗುತ್ತದೆ. ಬಟಾಣಿಯ ಬೇರಿನ ಗಂಟುಗಳಲ್ಲಿರುವ ಬ್ಯಾಕ್ಟೀರಿಯಾಗಳು ಗಾಳಿಯ ಸಾರಜನಕವನ್ನು ಹಿಡಿದುಕೊಡುವುದರಿಂದ ಅದು ಹೆಚ್ಚು ಬೇಕಾಗಿಯೂ ಇಲ್ಲ. ಕೊಟ್ಟಿಗೆ ಗೊಬ್ಬರ ಪೂರ್ತಿ ಕಳಿತದ್ದಾಗಿರಲಿ. ಮಕ್ಕಳು ಕಾಯಿಯನ್ನು ಬಳ್ಳಿಯಿಂದಲೇ ಕಿತ್ತು ಬಾಯಿಗೆ ಹಾಕಿಕೊಳ್ಳುವ ತೋಟದಲ್ಲಿ ಹಸಿ ಸಗಣಿ ಸಲ್ಲದು. ಎಲೆಯ ಮೇಲೆ ಬಿಳಿ ಬೂದಿ ಕಂಡರೆ ಆ ಎಲೆಗಳನ್ನು ಕಿತ್ತು ದೂರ ಹಾಕಿ. ಔಷಧಿ ಸಿಂಪಡಿಸಲೇಬೇಕಾಗಿ ಬಂದರೆ ಡಬ್ಬದ ಮೇಲೆ ಹೇಳಿದಷ್ಟು ದಿನ ಕಾಯಿ ಕೀಳಬೇಡಿ. ಕುಂಡದ ಕೆಳಗಿನ ತಟ್ಟೆಯಲ್ಲಿ ನಿಂತ ನೀರನ್ನು ವಾರಕ್ಕೊಮ್ಮೆಯಾದರೂ ಚೆಲ್ಲಿ ಉಜ್ಜಿ ತೊಳೆಯಿರಿ; ಡೆಂಗ್ಯೂ ಹರಡುವ ಸೊಳ್ಳೆಗೆ ಅಂಗೈಯಷ್ಟು ನೀರು ಧಾರಾಳವಾಯಿತು.

ಬೇಗ ಬರುವ ತಳಿಗಳಲ್ಲಿ ಎರಡು ತಿಂಗಳ ಹೊತ್ತಿಗೆ ಕೊಯ್ಲು. ಕಾಯಿ ತುಂಬಿರಬೇಕು, ಸಿಪ್ಪೆ ಇನ್ನೂ ಹಸಿರಾಗಿ ಹೊಳೆಯುತ್ತಿರಬೇಕು. ಎರಡು ದಿನಕ್ಕೊಮ್ಮೆ ಬಿಡಿಸುತ್ತಿದ್ದರೆ ಬಳ್ಳಿ ಮತ್ತೆ ಹೂ ಬಿಡುತ್ತದೆ. ಬೆಳೆ ಮುಗಿದ ಮೇಲೆ ಬುಡಕ್ಕೆ ಕತ್ತರಿಸಿ ಬೇರನ್ನು ಮಣ್ಣಿನಲ್ಲೇ ಬಿಡಿ. ಮುಂದೆ ಹಾಕುವ ಸೊಪ್ಪಿಗೆ ಅದೇ ಗೊಬ್ಬರ.

ಹೂದೋಟದ ಆಸಕ್ತರು ಪರಿಮಳದ ಹೂವಿಗಾಗಿ ಬೆಳೆಸುವ ಸ್ವೀಟ್ ಪೀ ಬಳ್ಳಿಯ ಕಾಯಿ ನೋಡಲು ಬಟಾಣಿಯಂತೆಯೇ ಇರುತ್ತದೆ. ಅದು ಕೇಸರಿಬೇಳೆಯ ಕುಲಕ್ಕೆ ಸೇರಿದ್ದು, ವಿಷಕಾರಿ. ಎರಡನ್ನೂ ಅಕ್ಕಪಕ್ಕ ಹಾಕದಿರುವುದು ಲೇಸು.

ಇನ್ನು ಮಕ್ಕಳ ಮೂಗಿನ ವಿಷಯ. ಎರಡರಿಂದ ಐದು ವರ್ಷದ ಮಕ್ಕಳಿಗೆ ದುಂಡಗಿನ ವಸ್ತು ಸಿಕ್ಕರೆ ಮೂಗಿಗೋ ಕಿವಿಗೋ ತುರುಕಿಕೊಳ್ಳುವ ಚಪಲ. ಹೇಳಿದರೆ ಬೈಯುತ್ತಾರೆಂದು ಸುಮ್ಮನಿರುತ್ತವೆ. ಒಂದೇ ಹೊಳ್ಳೆಯಿಂದ ದುರ್ವಾಸನೆಯ ಸಿಂಬಳ ಸುರಿಯುತ್ತಿದ್ದರೆ ಅದನ್ನು ನೆಗಡಿಯೆಂದು ಭಾವಿಸಿ ವಾರಗಟ್ಟಲೆ ಔಷಧಿ ಕುಡಿಸುತ್ತ ಕೂರಬಾರದು. ಒಳಗೆ ಏನೋ ಸಿಕ್ಕಿಕೊಂಡಿದೆಯೆಂದೇ ಮೊದಲು ಅನುಮಾನಿಸಬೇಕು. ಹೇರ್‌ಪಿನ್, ಬೆಂಕಿಕಡ್ಡಿಗಳಿಂದ ತೆಗೆಯಲು ಹೋದರೆ ಅದು ಇನ್ನಷ್ಟು ಒಳಕ್ಕೆ ಜಾರುತ್ತದೆ. ಕಿವಿಯೊಳಗೆ ಬಟಾಣಿ ಹೋದಾಗ ನೀರು ಹಾಕಲೇಬಾರದು. ಒಣ ಕಾಳು ನೀರು ಕುಡಿದು ಉಬ್ಬಿ ಬಿಗಿಯಾಗಿ ಕೂತರೆ ತೆಗೆಯಲು ಅರಿವಳಿಕೆ ಕೊಡಬೇಕಾದೀತು. ಮಗುವನ್ನು ಸಮಾಧಾನಪಡಿಸಿ ಕಿವಿ-ಮೂಗು-ಗಂಟಲು ತಜ್ಞರ ಬಳಿ ಕರೆದೊಯ್ಯಿರಿ.

ಇದಕ್ಕಿಂತ ಗಂಭೀರವಾದುದು ಕಾಳು ಶ್ವಾಸನಾಳಕ್ಕೆ ಜಾರುವುದು. ನಾಲ್ಕು ವರ್ಷದೊಳಗಿನವರಿಗೆ ಹುರಿದ ಗಟ್ಟಿ ಬಟಾಣಿ ಕೊಡಲೇಬೇಡಿ. ಬೆಂದ ಕಾಳನ್ನೂ ಹಿಸುಕಿ ಕೊಡಿ. ಓಡುತ್ತ, ನಗುತ್ತ ತಿನ್ನಲು ಬಿಡಬೇಡಿ. ತಿನ್ನುವಾಗ ಹಠಾತ್ತನೆ ಕೆಮ್ಮು ಬಂದು ನಿಂತು, ಆಮೇಲೆ ಉಸಿರಾಡುವಾಗ ಸುಯ್‌ಗುಟ್ಟುವ ಸದ್ದು ಉಳಿದರೆ ಕೆಮ್ಮು ನಿಂತಿತಲ್ಲ ಎಂದು ಮನೆಯಲ್ಲಿ ಕಾಯದೆ ಆಸ್ಪತ್ರೆಗೆ ಹೋಗಬೇಕು.

ಬಟಾಣಿಯನ್ನು ಬೇಯಿಸಲು ಸ್ವಲ್ಪವೇ ನೀರು, ಮೇಲೆ ಮುಚ್ಚಳ, ಐದಾರು ನಿಮಿಷ ಸಾಕು. ಬೇಯಿಸಿದ ನೀರು ಸಾಗುವಿಗೇ ಸೇರಲಿ. ಹಸಿರು ಬಣ್ಣ ಉಳಿಯಲೆಂದು ಅಡುಗೆ ಸೋಡ ಹಾಕುವ ಪದ್ಧತಿ ಹೋಟೆಲುಗಳಿಗೆ ಸರಿ. ಅದರಿಂದ ಬಿ-1 ಮತ್ತು ಸಿ ಜೀವಸತ್ವಗಳು ನಾಶವಾಗುತ್ತವೆ. ಸಕ್ಕರೆ ಕಾಯಿಲೆಯವರು ಬಟಾಣಿ ತಿನ್ನಬಹುದು. ಆದರೆ ಇದರಲ್ಲಿ ಪಿಷ್ಟವಿರುವುದರಿಂದ ಅಷ್ಟು ಅನ್ನವನ್ನೋ ಚಪಾತಿಯನ್ನೋ ಕಡಿಮೆ ಮಾಡಬೇಕು. ಯೂರಿಕ್ ಆಮ್ಲ ಹೆಚ್ಚಿದೆಯೆಂದು ಬಟಾಣಿಯನ್ನು ಪೂರ್ತಿ ಬಿಟ್ಟವರು ಅನೇಕರಿದ್ದಾರೆ. 2004ರಲ್ಲಿ ಪ್ರಕಟವಾದ ಅಮೆರಿಕದ ದೊಡ್ಡ ಅಧ್ಯಯನವೊಂದರಲ್ಲಿ ಮಾಂಸ ಮತ್ತು ಮೀನಿನಿಂದ ಗೌಟ್ ಹೆಚ್ಚಿದ್ದು ಕಂಡುಬಂತೇ ಹೊರತು ಇಂಥ ತರಕಾರಿಗಳಿಂದಲ್ಲ. ಮೂತ್ರಪಿಂಡದ ಕಾಯಿಲೆಯವರ ಮಾತು ಬೇರೆ. ಪೊಟ್ಯಾಸಿಯಂ ಮತ್ತು ಪ್ರೋಟೀನಿನ ಲೆಕ್ಕ ಇರುವುದರಿಂದ ತಮ್ಮ ವೈದ್ಯರನ್ನು ಕೇಳಿಯೇ ತಿನ್ನಬೇಕು. ವಾರ್ಫರಿನ್ ಮಾತ್ರೆ ನುಂಗುವವರು ಒಂದು ವಾರ ಬಟ್ಟಲುಗಟ್ಟಲೆ, ಮರುವಾರ ಏನೂ ಇಲ್ಲ ಎಂಬಂತೆ ತಿನ್ನದೆ ಒಂದೇ ಪ್ರಮಾಣವನ್ನು ಕಾಯ್ದುಕೊಳ್ಳಬೇಕು.

ಹಿತ್ತಲ ಫಸಲು ಮುಗಿದು ಅಂಗಡಿಯದನ್ನು ತರುವ ದಿನಗಳಲ್ಲಿ ಒಂದು ಸುಲಭ ಪರೀಕ್ಷೆ ಮಾಡಿ ನೋಡಿ. ಒಣ ಬಟಾಣಿಯನ್ನು ನೆನೆಸಿ, ಮ್ಯಾಲಕೈಟ್ ಗ್ರೀನ್ ಎಂಬ ಬಟ್ಟೆಯ ಬಣ್ಣ ಹಾಕಿ 'ತಾಜಾ' ಎಂದು ಮಾರುವ ದಂಧೆ ಇದೆ. ಆಹಾರದಲ್ಲಿ ಈ ಬಣ್ಣಕ್ಕೆ ಅನುಮತಿಯಿಲ್ಲ. ಗಾಜಿನ ಲೋಟದಲ್ಲಿ ಒಂದು ಹಿಡಿ ಕಾಳು ಹಾಕಿ, ನೀರು ತುಂಬಿ, ಕಲಕಿ ಅರ್ಧ ಗಂಟೆ ಬಿಡಿ. ನೀರು ಹಸಿರಾದರೆ ನಾಲ್ಕು ಬಾರಿ ತೊಳೆದು ಬಳಸುವ ಯೋಚನೆ ಬಿಟ್ಟು ಅಷ್ಟನ್ನೂ ಎಸೆದುಬಿಡಿ.