ಕೈ ಹಿಡಿದು ಕರೆತರುವವರು ಯಾರು?



2019ರ ಆಗಸ್ಟ್‌ನಲ್ಲಿ ಕಪಿಲಾ ನದಿ ಉಕ್ಕಿ ಹರಿದದ್ದು ನಿಮಗೆ ನೆನಪಿರಬಹುದು. ಕೇರಳದ ವಯನಾಡಿನಲ್ಲಿ ಸುರಿದ ಮಳೆಗೆ ಕಬಿನಿ ಜಲಾಶಯ ತುಂಬಿತು, ನಂಜನಗೂಡಿನ ಸ್ನಾನಘಟ್ಟ ಮುಳುಗಿತು. ಮಲ್ಲನಮೂಲೆ ಮಠದ ಹತ್ತಿರ ರಸ್ತೆಗೇ ನೀರು ಬಂದು ಮೈಸೂರು-ನಂಜನಗೂಡು ಸಂಚಾರ ನಿಂತುಹೋಯಿತು. ಅಣೆಕಟ್ಟಿನಿಂದ ನೀರು ಬಿಡುವಾಗಲಾದರೂ ಎಚ್ಚರಿಕೆ ಕೊಡುತ್ತಾರೆ. ನಗರದಲ್ಲಿ ಹಾಗಲ್ಲ. ಒಂದೆರಡು ಗಂಟೆ ಜೋರು ಮಳೆ ಹುಯ್ದರೆ ಸಾಕು, ರಾಜಕಾಲುವೆ ಪಕ್ಕದ ತಗ್ಗಿನ ಮನೆಗಳಿಗೆ ನೀರು ನುಗ್ಗುತ್ತೆ, ಕರೆಂಟೂ ಹೋಗುತ್ತೆ.

ಇಂಥ ಹೊತ್ತಿನಲ್ಲಿ ತಾವಾಗಿ ಎದ್ದು ಹೊರಗೆ ಬರಲಾರದವರು ನಿಮ್ಮ ಬೀದಿಯಲ್ಲಿ ಯಾರ್ಯಾರಿದ್ದಾರೆ? ಒಂದು ಸಂಘದ ಸಭೆಯಲ್ಲಿ ಹೀಗೆ ಕೇಳಿದೆ. "ಅವರ ಮನೇವ್ರು ಇದ್ದಾರಲ್ಲಾ ಸಿಸ್ಟರ್, ನೋಡ್ಕೋತಾರೆ" ಅಂದರು. ಮನೆಯವರು ಕೆಲಸಕ್ಕೆ ಹೋಗಿದ್ದರೆ? ಯಾರೂ ಮಾತಾಡಲಿಲ್ಲ.

ಆಮೇಲೆ ಅಂಥವರನ್ನೇ ಸಭೆಗೆ ಕರೆದೆವು. ಕಿವಿ ಕೇಳದ ಒಬ್ಬ ತಾಯಿ ಬಂದಿದ್ದರು. ಆಟೋದಲ್ಲಿ ಮೈಕ್ ಕಟ್ಟಿ ಕೂಗಿದರೂ ಅವರಿಗೆ ಗೊತ್ತಾಗದು. "ನಾವು ಬಾಗಿಲು ಬಡೀತೀವಿ" ಅಂದರು ಪಕ್ಕದ ಮನೆಯವರು. ಹೇಳಿದ ಮೇಲೆ ಅವರಿಗೇ ನಗು ಬಂತು. ಆ ತಾಯಿ ಕೈಸನ್ನೆಯಲ್ಲಿ ಹೇಳಿದ್ದು ಇಷ್ಟೇ: ಹಾಸಿಗೆ ಮೇಲಿನ ಕಿಟಕಿಯಿಂದ ಟಾರ್ಚ್ ಬಿಡಿ. ಕಣ್ಣು ಕಾಣದ ಅಣ್ಣ ಒಬ್ಬರು, "ಕತ್ತಲು ನನಗೇನು ಕಷ್ಟ ಇಲ್ಲ. ಆದ್ರೆ ನೀರು ನಿಂತ್ರೆ ಮೋರಿ ಎಲ್ಲಿದೆ ಅಂತ ಕೋಲಿಗೆ ಸಿಗಲ್ಲ. ಆಗ ನನ್ನ ಕೈ ಹಿಡಿದು ಎಳೀಬೇಡಿ, ನಿಮ್ಮ ತೋಳು ಕೊಡಿ, ನಾನು ಹಿಡ್ಕೋತೀನಿ" ಅಂದರು.

ಒಬ್ಬ ಅಜ್ಜಿ ಮಾತ್ರ "ನಾನೆಲ್ಲಿಗೂ ಬರಲ್ಲ" ಅಂತ ಹಟ ಹಿಡಿದಿದ್ದರು. ಕೊನೆಗೆ ಕಿವಿಯಲ್ಲಿ ಹೇಳಿದರು: ಮಂಡಿ ನೋವು, ಪರಿಹಾರ ಕೇಂದ್ರ ಅಂದರೆ ಶಾಲೆ, ಅಲ್ಲಿನ ಕಕ್ಕಸಿನಲ್ಲಿ ಕುಕ್ಕರಗಾಲಲ್ಲಿ ಕೂರೋಕಾಗಲ್ಲ. ನಡುವೆ ತೂತು ಮಾಡಿದ ಒಂದು ಪ್ಲಾಸ್ಟಿಕ್ ಕುರ್ಚಿಯಿಂದ ಬಗೆಹರಿಯುವ ಸಂಗತಿ! ಕೇಳದೇ ಹೋಗಿದ್ದರೆ ಹಟಮಾರಿ ಅಂತ ಬಿಟ್ಟು ಹೋಗುತ್ತಿದ್ದೆವು.

ವಿಕಲಚೇತನರ ಹಕ್ಕುಗಳ ಅಧಿನಿಯಮ 2016ರ 8ನೇ ಕಲಂ ಪ್ರಕಾರ ಜಿಲ್ಲಾ ವಿಪತ್ತು ನಿರ್ವಹಣಾ ಪ್ರಾಧಿಕಾರವು ಜಿಲ್ಲೆಯ ವಿಕಲಚೇತನರ ವಿವರ ಇಟ್ಟುಕೊಂಡು, ಅಪಾಯದ ಸಂದರ್ಭದಲ್ಲಿ ಅವರಿಗೆ ತಿಳಿಸಬೇಕು. ಜಿಲ್ಲಾಧಿಕಾರಿಗಳೇ ಇದರ ಅಧ್ಯಕ್ಷರು. ನಿಮ್ಮ ಬೀದಿಯವರ ಹೆಸರು ಅಲ್ಲಿದೆಯೇ ಎಂದು ಅರ್ಜಿ ಕೊಟ್ಟು ಕೇಳಿ. ಆದರೆ ಅಜ್ಜಿ ಯಾವ ಕೋಣೆಯಲ್ಲಿ ಮಲಗುತ್ತಾರೆ ಎಂಬುದು ಆ ಪಟ್ಟಿಯಲ್ಲಿ ಇರುವುದಿಲ್ಲ. ಅದು ಗೊತ್ತಿರುವುದು ನಿಮಗೇ.

ಆದ್ದರಿಂದ ಸಂಘದ ಪುಸ್ತಕದಲ್ಲಿ ಒಂದು ಹಾಳೆ ಇದಕ್ಕೆ ಬಿಡಿ. ಹಾಸಿಗೆ ಹಿಡಿದವರು, ಬಸುರಿ-ಬಾಣಂತಿಯರು, ಡಯಾಲಿಸಿಸ್‌ಗೆ ಹೋಗುವವರು, ಒಂಟಿ ವೃದ್ಧರು, ಕನ್ನಡ ಬಾರದ ಕೂಲಿ ಕುಟುಂಬದವರು, ಎಲ್ಲರನ್ನೂ ಬರೆಯಿರಿ. ಒಬ್ಬೊಬ್ಬರ ಮುಂದೆ ಅವರೇ ಒಪ್ಪಿದ ಇಬ್ಬರು ಅಕ್ಕಪಕ್ಕದವರ ಹೆಸರು ಇರಲಿ. ಒಬ್ಬರು ಊರಲ್ಲಿಲ್ಲದಿದ್ದರೆ ಇನ್ನೊಬ್ಬರು. ಮಾತ್ರೆ, ಪಡಿತರ ಚೀಟಿ, ಪಾಸ್‌ಬುಕ್ ಎಲ್ಲಿಟ್ಟಿದ್ದಾರೆ ಎಂಬುದೂ ಆ ಇಬ್ಬರಿಗೆ ತಿಳಿದಿರಲಿ. ಈ ಹಾಳೆಯನ್ನು ಗೋಡೆಗೆ ಅಂಟಿಸಬೇಡಿ, ಯಾರು ಒಂಟಿ ಅಂತ ಊರಿಗೆಲ್ಲಾ ಸಾರಿದ ಹಾಗಾಗುತ್ತೆ. ಜಿಲ್ಲಾ ನಿಯಂತ್ರಣ ಕೊಠಡಿಯ 1077, ತುರ್ತು ಸಹಾಯದ 112, ಎರಡೂ ನಂಬರ್ ಮೇಲೆ ಬರೆದಿಡಿ.

ಬರೆದರೆ ಮುಗಿಯಲಿಲ್ಲ. ಮಳೆಗಾಲಕ್ಕೆ ಮುಂಚೆ ಒಂದು ಸಂಜೆ ಅವರನ್ನೂ ಕರೆದುಕೊಂಡು ಶಾಲೆಯವರೆಗೆ ನಡೆದು ನೋಡಿ. ಗಾಲಿಕುರ್ಚಿ ಎಲ್ಲಿ ಸಿಕ್ಕಿಕೊಳ್ಳುತ್ತೆ ಅಂತ ಅವತ್ತೇ ಗೊತ್ತಾಗಲಿ. ಸಭೆಗೆ ಬರಲಾಗದವರಿದ್ದರೆ ಮುಂದಿನ ವಾರದ ಸಭೆಯನ್ನು ಅವರ ಮನೆ ಜಗಲಿಯಲ್ಲೇ ಸೇರಿಸಿ. ಸಾಲದ ಲೆಕ್ಕ ಅಲ್ಲಿಯೂ ಬರೆಯಬಹುದು.