ಪೀಣ್ಯದ ತಾರಸಿಯಲ್ಲಿ ಕೆಸರೂರು

ಪೀಣ್ಯ ಎರಡನೇ ಹಂತದ ಒಂದು ಮಷಿನ್ ಶಾಪಿನಲ್ಲಿ ನಾನು ಕ್ವಾಲಿಟಿ ಇನ್‌ಸ್ಪೆಕ್ಟರ್. ಎಂಟು ವರ್ಷಗಳಿಂದ ಪ್ರತಿ ತಿಂಗಳ ಎರಡನೇ ಭಾನುವಾರ ನಮ್ಮ ಬಾಡಿಗೆ ಮನೆಯ ತಾರಸಿಯಲ್ಲಿ ಹತ್ತು ಹನ್ನೆರಡು ಜನ ಸೇರಿ ಕತೆ, ಕಾದಂಬರಿ ಗಟ್ಟಿಯಾಗಿ ಓದುತ್ತೇವೆ. ಸಿಎನ್‌ಸಿ ಆಪರೇಟರುಗಳು, ಗಾರ್ಮೆಂಟ್ಸಿನ ಇಬ್ಬರು ಹೆಣ್ಣುಮಕ್ಕಳು, ಎಲೆಕ್ಟ್ರಾನಿಕ್ ಸಿಟಿಯಿಂದ ಆರ್.ವಿ. ರೋಡಿನಲ್ಲಿ ಮೆಟ್ರೋ ಬದಲಿಸಿ ಬರುವ ಒಬ್ಬ ಸಾಫ್ಟ್‌ವೇರ್ ಹುಡುಗ. ಯಾವ ಪುಸ್ತಕ ತಂದಿಟ್ಟರೂ ಇವರ ಕೈ ಹೋಗುವುದು ಸಣ್ಣ ಊರಿನ ಕತೆಗೇ. ಯಾಕೆಂದೂ, ಇಂಥ ಓದು ನಡೆಸುವುದು ಹೇಗೆಂದೂ ನನಗೆ ಗೊತ್ತಾಗುತ್ತಾ ಬಂದದ್ದು ಹೀಗೆ.

1. ಜನ ಹುಡುಕುವುದು ಪರಿಚಯವನ್ನು. ತೇಜಸ್ವಿಯವರ ‘ಕರ್ವಾಲೊ’ (1980) ಶುರುವಾಗುವುದು ಮೂಡಿಗೆರೆಯ ಜೇನು ಸೊಸೈಟಿಯಲ್ಲಿ. ಎರಡು ಪುಟ ಓದುವಷ್ಟರಲ್ಲಿ ಅರಕಲಗೂಡಿನ ಹುಡುಗ, “ಅಣ್ಣಾ, ಅಲ್ಲೇ ನಿಲ್ಸಿ. ನಮ್ಮೂರ ಸೊಸೈಟೀನೂ ಹಂಗೇ, ಅಕ್ಕಿ ತರಕ್ಕೆ ಹೋದ್ರೆ ಮಾತಲ್ಲೇ ಅರ್ಧ ದಿನ” ಅಂದ. ಪಕ್ಕದಲ್ಲಿದ್ದವನು ತಿರುಗಿ, “ನಿಂದು ಯಾವೂರು?” ಎಂದು ಕೇಳಿದ. ಕೇಳಿದವನು ಕೊಣನೂರಿನವನು. ಒಂದೇ ತಾಲ್ಲೂಕು. ಮೂರು ವರ್ಷ ಅಕ್ಕಪಕ್ಕದ ಮಷಿನ್‌ನಲ್ಲಿ ನಿಂತು, ಕೂಲೆಂಟ್ ನೀರಿನಲ್ಲಿ ಕೈ ಅದ್ದಿಕೊಂಡು ದುಡಿದವರು! ಆವತ್ತು ಕಾದಂಬರಿ ಮುಂದಕ್ಕೆ ಹೋಗಲಿಲ್ಲ. ನನಗೇನೂ ಬೇಜಾರಾಗಲಿಲ್ಲ.

2. ಹಳ್ಳಿಯೇ ಬೇರೆ, ಪೇಟೆಯೂರೇ ಬೇರೆ. ಪೇಟೆಯೂರಿನಲ್ಲಿ ಬಸ್ ಸ್ಟ್ಯಾಂಡು, ಹೋಟೆಲು, ಪೊಲೀಸ್ ಸ್ಟೇಷನ್ನು ಎಲ್ಲಾ ಕೂಗಳತೆಯಲ್ಲಿರುತ್ತವೆ. ಇವತ್ತು ಜಗಳ ಆಡಿದವರು ನಾಳೆ ಅದೇ ಅಂಗಡಿಯ ಮುಂದೆ ಮುಖಾಮುಖಿ ಆಗಲೇಬೇಕು. ಕತೆಗಾರನಿಗೆ ಇದಕ್ಕಿಂತ ದೊಡ್ಡ ಬಂಡವಾಳ ಇನ್ನೇನು ಬೇಕು? ಇಲ್ಲಿ ಪೀಣ್ಯದಲ್ಲಿ ಜಗಳವಾದರೆ ಮುಂದಿನ ವಾರವೇ ಪಿಜಿ ಬದಲಾಗುತ್ತದೆ. ಆರ್.ಕೆ. ನಾರಾಯಣರ ಮಾಲ್ಗುಡಿ ಯಾವ ನಕ್ಷೆಯಲ್ಲೂ ಇಲ್ಲ. ಶಂಕರ್‌ನಾಗ್ ಅದನ್ನು ಆಗುಂಬೆಯಲ್ಲಿ ಚಿತ್ರೀಕರಿಸಿದಾಗ ನೋಡಿದವರಿಗೆಲ್ಲ ತಮ್ಮೂರೇ ಕಂಡಿತು.

3. ಊರನ್ನು ಬರೀ ಸಿಹಿಯಾಗಿ ತೋರಿಸುವ ಕತೆಯನ್ನು ನಾನೀಗ ಆರಿಸುವುದಿಲ್ಲ. ಇದನ್ನು ಕಲಿಸಿದ್ದು ಗಾರ್ಮೆಂಟ್ಸಿನ ಹೆಣ್ಣುಮಗಳು, ಪಾವಗಡದ ಕಡೆಯವಳು. “ಊರಲ್ಲಿ ಎಲ್ಲರಿಗೂ ಎಲ್ಲರ ಗುರುತು ಇರುತ್ತೆ, ಅದೇ ಚೆಂದ” ಎಂದು ನಾನು ಉತ್ಸಾಹದಲ್ಲಿ ಹೇಳುತ್ತಿದ್ದೆ. ಅವಳು ನಿಧಾನವಾಗಿ, “ಅಣ್ಣಾ, ನಮ್ಮೂರ ಹೋಟ್ಲಲ್ಲಿ ನಾನು ಯಾವ ಕೇರಿಯವಳು ಅಂತ ಎಲ್ಲರಿಗೂ ಗೊತ್ತು. ಅದಕ್ಕೇ ಲೋಟ ಬೇರೆ. ಇಲ್ಲಿ ಯಾರೂ ಕೇಳಲ್ಲ ಅಂತಾನೇ ನಾನು ಬಂದಿದ್ದು” ಅಂದಳು. ತಾರಸಿಯಲ್ಲಿ ಯಾರೂ ಮಾತಾಡಲಿಲ್ಲ. ನನ್ನ ಹತ್ತಿರ ಉತ್ತರ ಇರಲಿಲ್ಲ, ಈಗಲೂ ಇಲ್ಲ. ಮುಂದಿನ ತಿಂಗಳಿಂದ ತೇಜಸ್ವಿಯವರದೇ ‘ಚಿದಂಬರ ರಹಸ್ಯ’ ಓದಿದೆವು. 1987ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ಕಾದಂಬರಿ. ಅದರ ಕೆಸರೂರಿನಲ್ಲಿ ಜಾತಿ, ಮತದ ಹೊಗೆ ಒಳಗೊಳಗೇ ಏಳುತ್ತಾ ಹೋಗುತ್ತದೆ. ಅವಳು ಕೊನೆಯ ಪುಟದವರೆಗೂ ಎದ್ದು ಹೋಗಲಿಲ್ಲ. 2025ರಲ್ಲಿ ಹಾಸನದ ಬಾನು ಮುಷ್ತಾಕ್ ಅವರ ಕತೆಗಳಿಗೆ ಇಂಟರ್‌ನ್ಯಾಷನಲ್ ಬುಕರ್ ಬಂದಾಗ, ಆ ಕತೆಗಳನ್ನು ಕನ್ನಡದಲ್ಲೇ ಓದೋಣ ಎಂದು ಹಟ ಹಿಡಿದವಳೂ ಅವಳೇ.

4. ಓದುವವರ ಉಚ್ಚಾರ ತಿದ್ದಬಾರದು. ಒಮ್ಮೆ ತಿದ್ದಿದೆ, ಕಲಬುರಗಿಯ ಹುಡುಗ ಮತ್ತೆ ಬರಲಿಲ್ಲ.

5. ಹಬ್ಬದ ವಾರ ಓದು ಇಡಬಾರದು. ಗೊರಗುಂಟೆಪಾಳ್ಯದಲ್ಲಿ ಶುಕ್ರವಾರ ಸಂಜೆ ಬ್ಯಾಗು ಹೆಗಲಿಗೇರಿಸಿ ಬಸ್ಸಿಗೆ ಕಾಯುವ ಗುಂಪಿನಲ್ಲಿ ನಮ್ಮವರೇ ಅರ್ಧ.

6. ಬರೆಯುವವರೂ ಹುಟ್ಟುತ್ತಾರೆ. ಸಂಡೂರಿನ ವಸುಧೇಂದ್ರ ಸಾಫ್ಟ್‌ವೇರ್ ಕೆಲಸದಲ್ಲಿದ್ದುಕೊಂಡೇ ತಮ್ಮ ಊರನ್ನು ಬರೆದವರು ಎಂದು ನಾನು ಹೇಳಿದ್ದು ಕೊಣನೂರಿನವನ ತಲೆಯಲ್ಲಿ ಕೂತಿರಬೇಕು. ಹೋದ ತಿಂಗಳು ಇನ್‌ಸ್ಪೆಕ್ಷನ್ ರಿಪೋರ್ಟಿನ ಹಿಂಬದಿಯಲ್ಲಿ ಎರಡು ಪುಟ ಬರೆದು ತಂದ. ನಮ್ಮ ಗೇಟಿನ ಎದುರಿನ ಟೀ ಅಂಗಡಿಯವರ ಕತೆ: ನಡೆದು ಬರುವ ಹೆಜ್ಜೆ ನೋಡಿಯೇ ಯಾರು ನೈಟ್ ಶಿಫ್ಟ್ ಮುಗಿಸಿದವರು ಎಂದು ಹೇಳಿ, ಕೇಳುವ ಮೊದಲೇ ಸಕ್ಕರೆ ಜಾಸ್ತಿ ಹಾಕುವವರು.

“ಅಣ್ಣಾ, ಊರಿಗೆ ಏನು ಹೆಸರಿಡ್ಲಿ?”

ಪೀಣ್ಯ ಅಂತಲೇ ಬರಿ, ಅಂದೆ.