ಆರೋಗ್ಯ ಪ್ರಶ್ನೋತ್ತರ: ಎಕ್ಸೆಲ್ ಬ್ರೇಕು, ಕೈ ಜೋಮು, ತಲೆಪೆಟ್ಟು

ಪ್ರಶ್ನೆ: ನನಗೆ 52 ವರ್ಷ. ದೇವಸಮುದ್ರದಿಂದ ರಾಂಪುರಕ್ಕೆ ದಿನಾ ಟಿವಿಎಸ್ ಎಕ್ಸೆಲ್‌ನಲ್ಲಿ ಹಾಲಿನ ಕ್ಯಾನು ಹೇರಿಕೊಂಡು ಹೋಗುತ್ತೇನೆ. ಆರು ತಿಂಗಳಿಂದ ಬಲಗೈಯ ಹೆಬ್ಬೆರಳು, ತೋರುಬೆರಳು, ನಡುಬೆರಳು ಜೋಮು ಹಿಡಿಯುತ್ತಿವೆ. ಕಿರುಬೆರಳಿಗೆ ಏನೂ ಇಲ್ಲ. ರಾತ್ರಿ ಎದ್ದು ಕೈ ಕೊಡವಬೇಕು. ವಾಯು ಎಂದು ಎಣ್ಣೆ ತಿಕ್ಕಿಸಿದೆ, ಬಿ-ಕಾಂಪ್ಲೆಕ್ಸ್ ಇಂಜೆಕ್ಷನ್ನೂ ಆಯಿತು. ಗಾಡಿಯ ಮುಂದಿನ ಬ್ರೇಕು ಬಹಳ ಬಿಗಿ.

ಉತ್ತರ: ಇದು ವಾಯುವಲ್ಲ. ಮಣಿಕಟ್ಟಿನ ಇಕ್ಕಟ್ಟಿನಲ್ಲಿ ಹಾದುಹೋಗುವ ನರ ಅದುಮಿಕೊಂಡಿರುವ ಲಕ್ಷಣ. ಕಾರ್ಪಲ್ ಟನಲ್ ಎನ್ನುತ್ತೇವೆ. ಕಿರುಬೆರಳಿಗೆ ಬೇರೆ ನರ ಹೋಗುವುದರಿಂದ ಅದು ಪಾರಾಗಿದೆ. ಬಲಗೈಯಲ್ಲೇ ಆಕ್ಸಿಲರೇಟರ್ ತಿರುವಬೇಕು, ಅದೇ ಕೈಯಲ್ಲಿ ಬಿಗಿಯಾದ ಬ್ರೇಕನ್ನು ಹಿಂಡಬೇಕು, ಮೇಲೆ ಗಾಡಿಯ ನಡುಕ. ಎಣ್ಣೆ ತಿಕ್ಕಿದರೆ ಇದು ಹೋಗುವುದಿಲ್ಲ.

ಮೊದಲು ಗಾಡಿಗೆ ಚಿಕಿತ್ಸೆ ಮಾಡಿಸಿ. ಲಿವರ್ ಬಿಟ್ಟ ಮೇಲೂ ನಿಧಾನವಾಗಿ ಹಿಂದಕ್ಕೆ ಬರುತ್ತಿದ್ದರೆ ಕೇಬಲ್ಲಿಗೆ ಧೂಳು, ತುಕ್ಕು ಸೇರಿದೆ, ಬದಲಿಸಿ. ಲಿವರ್ ಹಿಡಿಕೆಗೆ ತಾಗುವಷ್ಟು ಬಂದರೂ ಬ್ರೇಕು ಹಿಡಿಯದಿದ್ದರೆ ಚಕ್ರದ ಹತ್ತಿರದ ನಟ್ಟು ಬಿಗಿ ಮಾಡಿಸಬೇಕು. ನಟ್ಟಿನ ಮರೆಯೆಲ್ಲ ಮುಗಿದಿದ್ದರೆ ಬ್ರೇಕ್ ಶೂ ಸವೆದಿದೆ ಎಂದರ್ಥ. ಶೂ ಹೊಸದು ಹಾಕಿಸಿ, ಹಳೆಯದನ್ನೇ ಉಜ್ಜಿಸಿ ದಿನ ದೂಡಬೇಡಿ.

ರಾತ್ರಿ ಮಣಿಕಟ್ಟು ನೆಟ್ಟಗಿರುವಂತೆ ಪಟ್ಟಿ ಕಟ್ಟಿಕೊಂಡು ಮಲಗಿ. ಬೆಳಿಗ್ಗೆ ಬರಿಹೊಟ್ಟೆಯಲ್ಲಿ ಮತ್ತು ಊಟದ ನಂತರ ಸಕ್ಕರೆ ಪರೀಕ್ಷೆ, ಜೊತೆಗೆ ಥೈರಾಯ್ಡ್ ಪರೀಕ್ಷೆ ಮಾಡಿಸಿ. ಕೈ ಜೋಮು ಎಂದು ಬಂದು, ಸಕ್ಕರೆ ಕಾಯಿಲೆ ಇದೆಯೆಂದು ಅಂದೇ ತಿಳಿದುಕೊಂಡ ಎಷ್ಟೋ ಜನರನ್ನು ನೋಡಿದ್ದೇನೆ. ಎರಡೂ ಅಂಗೈಗಳನ್ನು ಪಕ್ಕಪಕ್ಕ ಹಿಡಿದು ನೋಡಿಕೊಳ್ಳಿ: ಬಲಗೈ ಹೆಬ್ಬೆರಳಿನ ಬುಡದ ಮಾಂಸ ತಗ್ಗಿದ್ದರೆ ತಡ ಮಾಡದೆ ನರದ ಪರೀಕ್ಷೆಗೆ ಹೋಗಿ. ಒಮ್ಮೆ ಸೊರಗಿದ ಸ್ನಾಯು ಪೂರ್ತಿ ತುಂಬಿಕೊಳ್ಳುವುದು ಕಷ್ಟ.

ಪ್ರಶ್ನೆ: ಪಿಯುಸಿ ಓದುವ ಮಗ, 17 ವರ್ಷ. ಹಿಂದಿನ ಬ್ರೇಕು ಹಿಡಿಯದ ಎಕ್ಸೆಲ್‌ನಲ್ಲಿ ಹೊಲದಿಂದ ಬರುವಾಗ ಮರಳಿನಲ್ಲಿ ಮುಂದಿನ ಬ್ರೇಕು ಒತ್ತಿ ಬಿದ್ದ. ತಲೆಗೆ ಪೆಟ್ಟಾಯಿತು, ರಕ್ತ ಬರಲಿಲ್ಲ. ಎರಡು ಸಲ ವಾಂತಿ ಮಾಡಿದ. ರಕ್ತ ಬಂದಿಲ್ಲವಲ್ಲ, ಭಯವಿಲ್ಲ ಎಂದರು. ಮೊಣಕಾಲಿನ ಗಾಯಕ್ಕೆ ಕಾಫಿಪುಡಿ ಒತ್ತಿದ್ದೇವೆ. ಮೂರು ದಿನವಾಯಿತು, ತಲೆನೋವು ನಿಂತಿಲ್ಲ.

ಉತ್ತರ: ತಾಯಿ, ಪತ್ರ ಬರೆಯುವ ಹೊತ್ತಲ್ಲ ಅದು. ನಿಮ್ಮ ಪತ್ರ ಕೈಗೆ ಬಂದ ಕೂಡಲೇ ಫೋನ್ ಮಾಡಿಸಿ ಬಳ್ಳಾರಿಯ ಆಸ್ಪತ್ರೆಗೆ ಕರೆದೊಯ್ಯಲು ಹೇಳಿದ್ದೇನೆ. ಉಳಿದವರಿಗಾಗಿ ಇಲ್ಲಿ ಬರೆಯುತ್ತಿದ್ದೇನೆ.

"ರಕ್ತ ಬರಲಿಲ್ಲ, ಹಾಗಾಗಿ ಏನೂ ಆಗಿಲ್ಲ" ಎಂಬ ಮಾತು ಕೇಳಿದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ. ಬುರುಡೆಯ ಒಳಗೆ ಸೋರಿದ ರಕ್ತಕ್ಕೆ ಹೊರಬರಲು ದಾರಿಯಿಲ್ಲ. ಅದು ಮಿದುಳನ್ನೇ ಒತ್ತುತ್ತದೆ. ಬಿದ್ದವನು ಎದ್ದು ಮಾತಾಡಿ, ಊಟ ಮಾಡಿ, ಕೆಲವು ಗಂಟೆಗಳ ನಂತರ ಪ್ರಜ್ಞೆ ತಪ್ಪಬಹುದು. ವಾಂತಿ, ಹೆಚ್ಚುತ್ತಿರುವ ತಲೆನೋವು, ಮಂಪರು, ತೊದಲು, ಫಿಟ್ಸ್, ಕಿವಿ ಮೂಗಿನಿಂದ ನೀರು ಸೋರುವುದು, ಇವುಗಳಲ್ಲಿ ಒಂದಿದ್ದರೂ 108ಕ್ಕೆ ಫೋನ್ ಮಾಡಿ. ತಲೆಯ ಸಿಟಿ ಸ್ಕ್ಯಾನ್ ಆಗಲೇಬೇಕು. ಎಕ್ಸ್‌ರೇಯಲ್ಲಿ ಮೂಳೆ ಕಾಣುತ್ತದೆ, ಒಳಗಿನ ರಕ್ತ ಕಾಣುವುದಿಲ್ಲ. ಸ್ಕ್ಯಾನ್ ಸರಿಯಿದೆ ಎಂದು ಬಂದರೆ ದುಡ್ಡು ದಂಡವಾಯಿತು ಎನ್ನಬೇಡಿ. ಅರವತ್ತು ದಾಟಿದವರು, ರಕ್ತ ತೆಳುವಾಗುವ ಮಾತ್ರೆ ನುಂಗುವವರು ಬಿದ್ದು ವಾರಗಳಾದ ಮೇಲೂ ಎಚ್ಚರವಾಗಿರಬೇಕು.

ಕಾಫಿಪುಡಿಯನ್ನು ಸೋಪು ನೀರಿನಿಂದ ತೊಳೆದು ತೆಗೆಯಿರಿ. ಧನುರ್ವಾಯುವಿನ ಬೀಜ ತುಕ್ಕು ಹಿಡಿದ ಕಬ್ಬಿಣದಲ್ಲಿ ಮಾತ್ರ ಇರುವುದಿಲ್ಲ, ಹೊಲದ ಮಣ್ಣಿನಲ್ಲಿ, ಸಗಣಿಯಲ್ಲಿ ಇರುತ್ತದೆ. ಧನುರ್ವಾಯು ತಡೆಯುವ ಚುಚ್ಚುಮದ್ದು ಕೇಳಿ ಹಾಕಿಸಿ.

ಇನ್ನೊಂದು ಮಾತು. 16 ತುಂಬಿದವರಿಗೆ ಲೈಸೆನ್ಸ್ ಸಿಗುವುದು 50 ಸಿಸಿ ಒಳಗಿನ ಗಾಡಿಗೆ. ಈಗಿನ ಎಕ್ಸೆಲ್ ಹತ್ತಿರಹತ್ತಿರ 100 ಸಿಸಿ, 18 ಆಗಲೇಬೇಕು. ಹೊಲಕ್ಕೆ ತಾನೇ ಎನ್ನುವ ನೆಪ ಬೇಡ, ಅವನು ಬಿದ್ದದ್ದು ಹೊಲದ ದಾರಿಯಲ್ಲೇ. ಹೆಲ್ಮೆಟ್ಟಿನ ಮಾತೇ ಪತ್ರದಲ್ಲಿಲ್ಲ.

ಪ್ರಶ್ನೆ: ಹಳ್ಳದ ನೀರಿನಲ್ಲಿ ಹಾದ ಮೇಲೆ ಬ್ರೇಕು ಹಿಡಿಯುವುದಿಲ್ಲ. ಗಾಬರಿಯಿಂದ ಎದೆ ಡವಡವ ಎನ್ನುತ್ತದೆ. ಹೃದಯದ ತೊಂದರೆಯೇ?

ಉತ್ತರ: ಬ್ರೇಕು ಹಿಡಿಯದಿದ್ದರೆ ಯಾರಿಗಾದರೂ ಎದೆ ಹೊಡೆದುಕೊಳ್ಳುತ್ತದೆ. ಡ್ರಮ್ಮಿನೊಳಗೆ ನೀರು ಹೋಗಿರುತ್ತದೆ; ನಿಧಾನಕ್ಕೆ ಓಡಿಸುತ್ತಾ ನಾಲ್ಕಾರು ಸಲ ಮೆಲ್ಲಗೆ ಬ್ರೇಕು ಒತ್ತಿದರೆ ಒಣಗುತ್ತದೆ. ಸುಮ್ಮನೆ ಕೂತಾಗಲೂ ಡವಡವ ಬಂದರೆ ಇಸಿಜಿ ಮಾಡಿಸಿ. ನಲವತ್ತು ದಾಟಿದ್ದರೆ ಡವಡವ ಬರದಿದ್ದರೂ ಬಿಪಿ ನೋಡಿಸಿ.

ಪ್ರಶ್ನೆ: ಗ್ಯಾರೇಜಿನಲ್ಲಿ 20 ವರ್ಷದಿಂದ ಕೆಲಸ. ಒಂದು ತಿಂಗಳಿಂದ ಕೆಮ್ಮು. ಬ್ರೇಕು ಬಿಚ್ಚಿದಾಗ ಧೂಳು ಊದುವುದರಿಂದ ಇರಬಹುದೇ?

ಉತ್ತರ: ಊದುವುದನ್ನು ಇವತ್ತೇ ಬಿಡಿ. ಡ್ರಮ್ಮನ್ನು ಮುಖದ ಹತ್ತಿರ ಹಿಡಿದು ಉಫ್ ಎಂದು ಊದಿ, ಆ ಕಪ್ಪು ಧೂಳು ಮೀಸೆಯ ಮೇಲೆ ಕೂತಿದ್ದನ್ನು ನಾನೇ ಕಂಡಿದ್ದೇನೆ. ಹಳೆಯ, ಅಗ್ಗದ ಶೂಗಳಲ್ಲಿ ಆಸ್ಬೆಸ್ಟಾಸ್ ಇರಬಹುದು; ನಮ್ಮ ದೇಶದಲ್ಲಿ ಅದರ ಬಳಕೆಗೆ ಪೂರ್ತಿ ನಿಷೇಧವಿಲ್ಲ. ಅದರ ಎಳೆ ಶ್ವಾಸಕೋಶದಲ್ಲಿ ಕೂತರೆ ಕಾಯಿಲೆ ಹತ್ತಿಪ್ಪತ್ತು ವರ್ಷಗಳ ನಂತರ ತಲೆ ಎತ್ತುತ್ತದೆ. ಬೀಡಿ ಸೇದುವವರಿಗೆ ಶ್ವಾಸಕೋಶದ ಕ್ಯಾನ್ಸರ್ ಅಪಾಯ ಇನ್ನೂ ಹೆಚ್ಚು. ಗಾಳಿ ಪೈಪು ಬಿಡುವುದೂ ಬೇಡ. ಒದ್ದೆ ಬಟ್ಟೆಯಲ್ಲಿ ಒರೆಸಿ, ಆ ಬಟ್ಟೆಯನ್ನು ಕೊಡವದೆ ಕವರಿನಲ್ಲಿ ಕಟ್ಟಿಡಿ. ಕೆಲಸದ ಅಂಗಿಯಲ್ಲೇ ಮನೆಗೆ ಹೋಗಿ ಮಕ್ಕಳನ್ನು ಎತ್ತಿಕೊಳ್ಳಬೇಡಿ.

ಆದರೆ ಎಲ್ಲ ತಪ್ಪನ್ನೂ ಧೂಳಿನ ಮೇಲೆ ಹಾಕಿ ಕೂರಬೇಡಿ. ಎರಡು ವಾರ ದಾಟಿದ ಯಾವ ಕೆಮ್ಮಿಗೂ ಕ್ಷಯದ ಕಫ ಪರೀಕ್ಷೆ ಆಗಬೇಕು, ನಿಮ್ಮದು ನಾಲ್ಕು ವಾರ ದಾಟಿದೆ. ಎದೆಯ ಎಕ್ಸ್‌ರೇಯೂ ಇರಲಿ. ಸರ್ಕಾರಿ ಆಸ್ಪತ್ರೆಯಲ್ಲಿ ಕಫ ಪರೀಕ್ಷೆಗೆ ಹಣ ಕೊಡಬೇಕಿಲ್ಲ. ಸೋಮವಾರವೇ ಹೋಗಿ.